ಹಳೇ ಹೆಸರಿನ ಬಾಗಿಲುಗಳು: ಪ್ರಭಾದೇವಿಯಿಂದ ಮಹಾಪೆಗೆ

ಊರಿನಿಂದ ನೆಂಟರು ಬಂದರೆ ಮುಂಬೈಯಲ್ಲಿ ತೋರಿಸುವ ಜಾಗಗಳ ಪಟ್ಟಿ ನಮ್ಮೆಲ್ಲರ ಹತ್ತಿರವೂ ಹೆಚ್ಚುಕಡಿಮೆ ಒಂದೇ. ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಜುಹೂ, ಹೊತ್ತು ಉಳಿದರೆ ಮಾಟುಂಗಾದಲ್ಲಿ ಒಂದು ಫಿಲ್ಟರ್ ಕಾಫಿ. ನಾನು ಇಲ್ಲಿ ಬರೆಯುತ್ತಿರುವುದು ಯಾವ ನೆಂಟರೂ ಕೇಳದ ಒಂದು ಸುತ್ತಾಟದ ಬಗ್ಗೆ. ಪ್ರಭಾದೇವಿಯಿಂದ ಹೊರಟು ವರ್ಸೋವಾ, ಅಲ್ಲಿಂದ ಚಾಂದಿವಲಿ, ಕೊನೆಗೆ ಖಾಡಿ ದಾಟಿ ನವಿ ಮುಂಬೈಯ ಮಹಾಪೆ. ಲೋಕಲ್, ಮೆಟ್ರೋ, ಆಟೋ ಎಲ್ಲ ಸೇರಿ ಒಂದು ದಿನಕ್ಕೆ ಸಾಕು. ನೋಡಲು ಸಿಗುವುದು ಬರೀ ಕಾಂಪೌಂಡು ಗೋಡೆ, ಸೆಕ್ಯುರಿಟಿಯವರು, ಮ್ಯಾನ್‌ಹೋಲ್ ಮುಚ್ಚಳ. ಆದರೆ ನೀವು ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡುವಾಗ ಅಮ್ಮನ ಮುಖ ತಡವರಿಸದೆ ಕಾಣಿಸಿದರೆ ಅದಕ್ಕೆ ಕಾರಣ ಇಂಥ ಜಾಗಗಳು.

ನನ್ನ ಕೆಲಸ ನೆಟ್‌ವರ್ಕಿನದು. ಅದರಲ್ಲೂ ಪೀರಿಂಗ್. ಅಂದರೆ ಎರಡು ನೆಟ್‌ವರ್ಕ್‌ಗಳು ಮೂರನೆಯವರಿಗೆ ದುಡ್ಡು ಕೊಡದೆ ನೇರವಾಗಿ ಒಬ್ಬರ ಟ್ರಾಫಿಕ್ ಒಬ್ಬರು ತೆಗೆದುಕೊಳ್ಳುವ ಒಪ್ಪಂದ. ಪಕ್ಕದ ಮನೆಯವರಿಗೆ ಪಾಯಸ ಕೊಡಲು ಯಾರೂ ಕೊರಿಯರ್ ಮಾಡುವುದಿಲ್ಲ, ಕಾಂಪೌಂಡಿನ ಮೇಲಿಂದ ಕೈ ಚಾಚಿ ಕೊಟ್ಟುಬಿಡುತ್ತೇವೆ. ಅಷ್ಟೇ. ಆದರೆ ಕೈ ಚಾಚುವ ಮುಂಚೆ ಪಕ್ಕದ ಮನೆ ಯಾರದು ಎಂದು ಗೊತ್ತಿರಬೇಕಲ್ಲ? ಈ ಲೇಖನದ ತಕರಾರು ಇರುವುದೇ ಅಲ್ಲಿ.

ಇಂಟರ್ನೆಟ್ಟಿನಲ್ಲಿ ಪ್ರತಿ ದೊಡ್ಡ ನೆಟ್‌ವರ್ಕಿಗೂ ಒಂದು ಸಂಖ್ಯೆ ಇರುತ್ತದೆ, ಎಎಸ್ ನಂಬರ್ ಎನ್ನುತ್ತಾರೆ. ಅದನ್ನು ಜಮೀನಿನ ಸರ್ವೆ ನಂಬರ್ ಎಂದುಕೊಳ್ಳಿ. ಮಾಲೀಕ ಬದಲಾಗಬಹುದು, ಪಾಲಾಗಬಹುದು, ಮಾರಾಟವಾಗಬಹುದು, ಸರ್ವೆ ನಂಬರ್ ಮಾತ್ರ ಸಾಮಾನ್ಯವಾಗಿ ಅದೇ. ಆ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂಬ ದಾಖಲೆ ನಮ್ಮ ಕಡೆ ಎಪಿನಿಕ್ ಎಂಬ ಏಷ್ಯಾ ಪೆಸಿಫಿಕ್ ಸಂಸ್ಥೆಯಲ್ಲಿರುತ್ತದೆ, 2012ರಿಂದ ಭಾರತದ್ದೇ ಆದ ಐಆರ್‌ಐಎನ್‌ಎನ್ ಕೂಡ ಇದೆ. ಅದು ಪಹಣಿ ಇದ್ದಂತೆ. ಇನ್ನೊಂದು ಪೀರಿಂಗ್‌ಡಿಬಿ. 2004ರಲ್ಲಿ ಶುರುವಾದ, ಸ್ವಯಂಸೇವಕರು ನೋಡಿಕೊಳ್ಳುವ ಡೈರೆಕ್ಟರಿ. ಅದರಲ್ಲಿ ಪ್ರತಿ ನೆಟ್‌ವರ್ಕಿನವರೂ ತಮ್ಮ ವಿವರವನ್ನು ತಾವೇ ತುಂಬುತ್ತಾರೆ: ನಾವು ಇಂಥವರು, ಇಂಥ ಕಟ್ಟಡದಲ್ಲಿದ್ದೇವೆ, ಇಂಥ ಎಕ್ಸ್‌ಚೇಂಜಿಗೆ ಸೇರಿದ್ದೇವೆ, ಎಲ್ಲರೊಂದಿಗೂ ಪೀರ್ ಆಗುತ್ತೇವೆ ಅಥವಾ ಆರಿಸಿ ಆಗುತ್ತೇವೆ, ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ. ತಾವೇ ತುಂಬುವುದರಿಂದ ಒಬ್ಬರು ಪೂರ್ತಿ ಹೆಸರು ಬರೆಯುತ್ತಾರೆ, ಒಬ್ಬರು ಬ್ರ್ಯಾಂಡಿನ ಹೆಸರು, ಇನ್ನೊಬ್ಬರು ಕಂಪನಿ ಮಾರಾಟವಾಗಿ ಹತ್ತು ವರ್ಷವಾದರೂ ಹಳೆಯದನ್ನೇ ಬಿಟ್ಟಿರುತ್ತಾರೆ. ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ತಾತನ ಹೆಸರೇ ಇರುವ ಮನೆಗಳು ನಮ್ಮೂರಲ್ಲಿ ಎಷ್ಟಿಲ್ಲ!

ಮೊದಲು ಪ್ರಭಾದೇವಿ. ಸ್ಟೇಷನ್ನಿನ ಹೆಸರೇ ಹೊಸದು, 2018ರ ಜುಲೈವರೆಗೆ ಇದು ಎಲ್ಫಿನ್‌ಸ್ಟನ್ ರೋಡ್. ಇವತ್ತಿಗೂ ಟ್ಯಾಕ್ಸಿಯವರಿಗೆ ಹಳೇ ಹೆಸರು ಹೇಳಿದರೇ ಬೇಗ ಅರ್ಥವಾಗುತ್ತದೆ. ಅಲ್ಲಿಂದ ಕಾಶಿನಾಥ್ ಧುರು ಮಾರ್ಗದ ಕಡೆ ನಡೆದರೆ ಲೋಕಮಾನ್ಯ ವಿದೇಶ್ ಸಂಚಾರ್ ಭವನ್ ಸಿಗುತ್ತದೆ. ಸರಕಾರಿ ಗಾಂಭೀರ್ಯದ ದೊಡ್ಡ ಕಟ್ಟಡ. ವಿದೇಶ್ ಸಂಚಾರ್ ನಿಗಮ್, ಅಂದರೆ ವಿಎಸ್‌ಎನ್‌ಎಲ್, 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟ ಕಂಪನಿ. ಮೋಡೆಮ್ಮಿನ ಕಿರ್ರ್ ಸದ್ದು ನೆನಪಿರುವವರಿಗೆ ಆ ನಾಲ್ಕಕ್ಷರ ಮರೆಯಲು ಸಾಧ್ಯವಿಲ್ಲ. 2002ರಲ್ಲಿ ಅದು ಟಾಟಾ ಕೈಗೆ ಬಂತು, 2008ರಲ್ಲಿ ಹೆಸರು ಟಾಟಾ ಕಮ್ಯುನಿಕೇಶನ್ಸ್ ಆಯಿತು. ಕಟ್ಟಡದ ಹೆಸರು ಮಾತ್ರ ಇನ್ನೂ ವಿದೇಶ್ ಸಂಚಾರ್.

ಈ ಕಂಪನಿಯ ಭಾರತದ ನೆಟ್‌ವರ್ಕಿನ ಸಂಖ್ಯೆ ಎಎಸ್ 4755. ಅದರ ದಾಖಲೆಯಲ್ಲಿದ್ದ ವಿವರಣೆ ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ: ಟಾಟಾ ಕಮ್ಯುನಿಕೇಶನ್ಸ್, ಹಿಂದಿನ ವಿಎಸ್‌ಎನ್‌ಎಲ್, ಪ್ರಮುಖ ಐಎಸ್‌ಪಿ ಎಂದು. ಮದುವೆ ಆಮಂತ್ರಣದಲ್ಲಿ ವರನ ಹೆಸರಿನ ಕೆಳಗೆ ಡಿಗ್ರಿ, ನೌಕರಿ ಬರೆದ ಹಾಗೆ. ಆದರೆ ಇದೇ ಕಂಪನಿಯ ಅಂತರರಾಷ್ಟ್ರೀಯ ನೆಟ್‌ವರ್ಕ್ ಬೇರೆ ಸಂಖ್ಯೆ, ಎಎಸ್ 6453. ಅದು ಮೂಲದಲ್ಲಿ ಕೆನಡಾದ ಟೆಲಿಗ್ಲೋಬ್ ಎಂಬ ಕಂಪನಿಯದು, 2006ರಲ್ಲಿ ಕೊಂಡದ್ದು. ಇವೆರಡನ್ನು ಒಂದೇ ಎಂದುಕೊಂಡು 4755ರವರಿಗೆ ಹೋಗಬೇಕಾದ ಪತ್ರವನ್ನು 6453ರವರಿಗೆ ಕಳಿಸಿ, ಉತ್ತರಕ್ಕೆ ಕಾದು ಕೂತ ಹುಡುಗರನ್ನು ನಾನು ನೋಡಿದ್ದೇನೆ. ಮನೆ ಒಂದೇ, ಅಡುಗೆ ಬೇರೆ.

ಟಾಟಾದವರ ಸಮುದ್ರ ಕೇಬಲ್ಲಿನ ಕಥೆ ಇನ್ನೂ ಚೆಂದ. ಟಿಜಿಎನ್ ಎಂದರೆ ಮೊದಲು ಟೈಕೋ ಗ್ಲೋಬಲ್ ನೆಟ್‌ವರ್ಕ್. 13 ಕೋಟಿ ಡಾಲರಿಗೆ ಟೈಕೋದಿಂದ ಕೊಂಡರು. ಈಗ ಟಿಜಿಎನ್ ಎಂದರೆ ಟಾಟಾ ಗ್ಲೋಬಲ್ ನೆಟ್‌ವರ್ಕ್. ಬೋರ್ಡು, ಲೆಟರ್‌ಹೆಡ್ ಯಾವುದನ್ನೂ ಅಷ್ಟಾಗಿ ತಿದ್ದಬೇಕಿಲ್ಲ, ಅಕ್ಷರ ಅದೇ. ನನಗೆ ಇದು ಬಹಳ ಇಷ್ಟ. ಚೆನ್ನೈನಲ್ಲಿರುವ ಓದುಗರಿಗೆ ಒಂದು ಮಾತು: ನಿಮ್ಮೂರಿನಿಂದ ಸಿಂಗಾಪುರಕ್ಕೆ ಹೋಗುವ ಟಿಐಸಿ ಕೇಬಲ್ಲಿನಲ್ಲಿ ‘ಐ’ ಎಂದರೆ ಇಂಡಿಕಾಂ. ಆ ಫೋನಿನ ಬ್ರ್ಯಾಂಡು ಅಂಗಡಿಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು, ಸಮುದ್ರದ ತಳದಲ್ಲಿ ಮಾತ್ರ ಇನ್ನೂ ಮಲಗಿದೆ.

ಪ್ರಭಾದೇವಿಯಿಂದ ಸ್ಲೋ ಲೋಕಲ್ ಹಿಡಿದು ಅಂಧೇರಿ, ಅಲ್ಲಿಂದ ಮೆಟ್ರೋದಲ್ಲಿ ವರ್ಸೋವಾ. ಹೆಸರು ನಂಬಿ ಇಳಿದರೆ ಸಮುದ್ರ ಕಾಣುವುದಿಲ್ಲ, ಮತ್ತೆ ಆಟೋ ಬೇಕು. ಕೋಳಿವಾಡದ ಹತ್ತಿರ ಬಂದಂತೆ ಬಿದಿರಿನ ಅಟ್ಟಣಿಗೆಯಲ್ಲಿ ಬೊಂಬಿಲ್ ಒಣಗುತ್ತಿರುವ ವಾಸನೆ ಮೊದಲು ಸಿಗುತ್ತದೆ. ಕರಾವಳಿಯವರಿಗೆ ಅದು ತವರಿನ ವಾಸನೆ, ನನ್ನಂಥ ಬಯಲುಸೀಮೆಯವನಿಗೆ ಅಭ್ಯಾಸವಾಗಲು ವರ್ಷಗಳು ಬೇಕಾದವು. ಭಾರತಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಹೆಚ್ಚಿನವು ನೆಲ ಮುಟ್ಟುವುದು ಮುಂಬೈ ಮತ್ತು ಚೆನ್ನೈಗಳಲ್ಲಿ. ಮುಂಬೈಯಲ್ಲಿ ಅವುಗಳಲ್ಲಿ ಬಹುಪಾಲು ಈ ವರ್ಸೋವಾ ತೀರದ ಕೆಲವೇ ಕಿಲೋಮೀಟರುಗಳಲ್ಲಿ. ಮರಳಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಒಳಗೆ ಯುರೋಪು ಹರಿಯುತ್ತಿರುತ್ತದೆ.

ಕೇಬಲ್ಲಿಗೂ ಹೆಸರಿನ ಗೋಳು ಉಂಟು. ಆಗ್ನೇಯ ಏಷ್ಯಾ, ಮಧ್ಯಪ್ರಾಚ್ಯ, ಪಶ್ಚಿಮ ಯುರೋಪು ಸೇರಿಸುವ ಒಂದೇ ಕೇಬಲನ್ನು ಒಬ್ಬರು ಸೀಮೀವಿ ಎನ್ನುತ್ತಾರೆ, ಇನ್ನೊಬ್ಬರು ಎಸ್‌ಎಂಡಬ್ಲ್ಯು. ಫ್ಲ್ಯಾಗ್ ಎಂಬ ಕೇಬಲ್ ಕಂಪನಿ ರಿಲಯನ್ಸ್ ಪಾಲಾಗಿ, ರಿಲಯನ್ಸ್ ಗ್ಲೋಬಲ್‌ಕಾಮ್ ಆಗಿ, ಗ್ಲೋಬಲ್ ಕ್ಲೌಡ್ ಎಕ್ಸ್‌ಚೇಂಜ್ ಆಗಿ, ಈಚೆಗೆ ಮತ್ತೆ ಫ್ಲ್ಯಾಗ್ ಆಗಿದೆ. ಅಷ್ಟೂ ಕಾಲ ಅದರ ಸಂಖ್ಯೆ ಎಎಸ್ 15412, ದಾಖಲೆಯ ಹೆಸರು ಫ್ಲ್ಯಾಗ್. ಸೋಮಾರಿತನದಿಂದ ಬದಲಿಸದೆ ಬಿಟ್ಟವರೇ ಕೊನೆಗೆ ಸರಿಯಾದರು!

ರಿಲಯನ್ಸ್ ಎಂದಾಗ ಇದರ ಉಲ್ಟಾ ಸಮಸ್ಯೆಯನ್ನೂ ಹೇಳಬೇಕು. ಹೆಸರು ಬೇರೆಯಿದ್ದು ಮನೆ ಒಂದೇ ಇರುವುದು ಒಂದು ತೊಂದರೆಯಾದರೆ, ಹೆಸರು ಒಂದೇ ಇದ್ದು ಮನೆ ಬೇರೆ ಇರುವುದು ಇನ್ನೊಂದು. ಎಎಸ್ 18101 ರಿಲಯನ್ಸ್ ಕಮ್ಯುನಿಕೇಶನ್ಸ್, ಎಎಸ್ 55836 ರಿಲಯನ್ಸ್ ಜಿಯೋ. 2005ರಲ್ಲಿ ಅಣ್ಣತಮ್ಮಂದಿರು ಪಾಲಾದದ್ದು ಗೊತ್ತಿಲ್ಲದ ಹೊರದೇಶದ ಎಂಜಿನಿಯರಿಗೆ ಎರಡೂ ಒಂದೇ ಸಂಸಾರದಂತೆ ಕಾಣುತ್ತವೆ. ಆಸ್ತಿ ಭಾಗವಾದ ಮನೆಯಲ್ಲಿ ಒಬ್ಬರ ಸಾಲಕ್ಕೆ ಇನ್ನೊಬ್ಬರ ಬಾಗಿಲು ಬಡಿದ ಹಾಗೆ.

ಮರಳಿ ಮೆಟ್ರೋ, ಸಾಕಿನಾಕಾದಲ್ಲಿ ಇಳಿದು ಆಟೋ. ಚಾಂದಿವಲಿ ಬೆಳಿಗ್ಗೆ ಹತ್ತಕ್ಕೂ ಟ್ರಾಫಿಕ್, ಮಧ್ಯಾಹ್ನ ಮೂರಕ್ಕೂ ಟ್ರಾಫಿಕ್. ಇಲ್ಲಿನ ಡೇಟಾ ಸೆಂಟರ್‌ಗಳಿಗೂ ಒಂದೊಂದು ಜಾತಕ ಇದೆ. ಜಿಪಿಎಕ್ಸ್ ಎಂದು ನಾವೆಲ್ಲ ಕರೆಯುತ್ತಿದ್ದ ಕಟ್ಟಡಗಳು 2021ರಲ್ಲಿ ಈಕ್ವಿನಿಕ್ಸ್ ಕೈಗೆ ಹೋಗಿ ಎಂಬಿ1, ಎಂಬಿ2 ಆದವು. ನೆಟ್‌ಮ್ಯಾಜಿಕ್ ಹೋಗಿ ಎನ್‌ಟಿಟಿ. ಟಾಟಾ ಡೇಟಾ ಸೆಂಟರ್‌ಗಳು 2016ರಲ್ಲಿ ಸಿಂಗಾಪುರದ ಎಸ್‌ಟಿಟಿ ಜೊತೆ. ಮುಂಬೈ ಐಎಕ್ಸ್ ಎಂಬ ಎಕ್ಸ್‌ಚೇಂಜ್ ಈಗ ಡಿಇ-ಸಿಕ್ಸ್ ಮುಂಬೈ. ಆದರೆ ಆಟೋದವರಿಗೆ, ಫೈಬರ್ ಎಳೆಯುವ ಹುಡುಗರಿಗೆ, ಸೆಕ್ಯುರಿಟಿಯವರಿಗೆ ಇವತ್ತಿಗೂ ಜಿಪಿಎಕ್ಸ್ ಜಿಪಿಎಕ್ಸೇ. ಎಲ್ಫಿನ್‌ಸ್ಟನ್ ಎಲ್ಫಿನ್‌ಸ್ಟನ್ನೇ.

ಇಂಥ ಕಟ್ಟಡಗಳೊಳಗೆ ಮೀಟ್-ಮಿ ರೂಮ್ ಎಂದು ಒಂದು ಕೋಣೆ ಇರುತ್ತದೆ. ಎಲ್ಲ ಕಂಪನಿಗಳ ಫೈಬರ್ ಬಂದು ಸೇರುವುದು ಅಲ್ಲಿ. ಕೆಲಸದ ಮೇಲೆ ಒಳಗೆ ಹೋಗುವ ಅವಕಾಶ ನನಗೆ ಆಗಾಗ ಸಿಗುತ್ತದೆ. ಚಳಿ, ಫ್ಯಾನಿನ ಗುಂಯ್ ಸದ್ದು, ತಲೆಯ ಮೇಲೆ ಹಳದಿ ಫೈಬರಿನ ಕಟ್ಟುಗಳು. ಒಂದು ಪ್ಯಾನೆಲ್ಲಿನ ಮೇಲೆ ಮೂರು ಲೇಬಲ್‌ಗಳನ್ನು ಒಂದರ ಮೇಲೊಂದು ಅಂಟಿಸಿದ್ದನ್ನು ನೋಡಿದ್ದೇನೆ. ಮೇಲಿನದು ಈಗಿನ ಕಂಪನಿ, ಅದರ ಅಂಚಿನಲ್ಲಿ ಹಿಂದಿನದರ ಎರಡು ಅಕ್ಷರ, ಅದರಡಿ ಇನ್ನೂ ಹಳೆಯದು. ಎಳೆ ಮಾತ್ರ ಒಂದೇ. ಯಾರೂ ಅದನ್ನು ಕಿತ್ತು ಹಾಕಿರಲಿಲ್ಲ.

ನಮ್ಮ ಬೆಂಗಳೂರಿನ ಕಥೆಯೂ ಇದೇ. ಎಸಿಟಿ ಫೈಬರ್‌ನೆಟ್ ಬಳಸುವವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಅವರ ಬೆಂಗಳೂರಿನ ಎಎಸ್ 24309ರ ದಾಖಲೆಯಲ್ಲಿ ನಾನು ಕಂಡದ್ದು ಕೇಬಲ್‌ಲೈಟ್ ಎಂಬ ಹೆಸರು. ಹೈದರಾಬಾದಿನ ಎಎಸ್ 18209ರಲ್ಲಿ ಬೀಮ್‌ಟೆಲಿ, ಅಂದರೆ ಅಲ್ಲಿ ಹಿಂದಿದ್ದ ಬೀಮ್ ಟೆಲಿಕಾಂನ ಗುರುತು. ಏರ್‌ಟೆಲ್ಲಿನ ಮುಖ್ಯ ಎಎಸ್ 9498ಕ್ಕೆ ಬಿಬಿಐಎಲ್ ಎಂಬ ಹಳೇ ಅಕ್ಷರ, ಮೊಬೈಲಿನ ಎಎಸ್ 45609ಕ್ಕೆ ‘ಜಿಪಿಆರ್‌ಎಸ್ ಸೇವೆಗಾಗಿ’ ಎಂಬ ವಿವರಣೆ. 5ಜಿ ಟವರಿನ ಹಿಂದೆ ಜಿಪಿಆರ್‌ಎಸ್ ಬೋರ್ಡು! ನಗಬಹುದು. ಆದರೆ ಮಾಟುಂಗಾದಲ್ಲಿ ಕರ್ನಾಟಕ ಎಂದು ರಾಜ್ಯಕ್ಕೆ 1973ರಲ್ಲಿ ಹೆಸರಿಟ್ಟ ಮೇಲೂ ಮೈಸೂರು ಅಸೋಸಿಯೇಶನ್ ಮೈಸೂರು ಅಸೋಸಿಯೇಶನ್ನಾಗಿಯೇ ಉಳಿದಿದೆ, ನಾವ್ಯಾರೂ ನಗುವುದಿಲ್ಲ. ಹಳೇ ಹೆಸರಿಗೆ ಒಂದು ಮರ್ಯಾದೆ ಇರುತ್ತದೆ. ನನ್ನ ಆಕ್ಷೇಪ ಹಳೇ ಹೆಸರಿಗಲ್ಲ. ಸಂಬಂಧ ಹೇಳದೆ ಇರುವುದಕ್ಕೆ.

ಅದೇಕೆ ಎಂದು ತಿಳಿಯಲು ಘಾಟ್ಕೋಪರಿನಿಂದ ಸೆಂಟ್ರಲ್ ಲೈನ್ ಹಿಡಿಯಬೇಕು. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್‌ ಹತ್ತಿದರೆ ಐರೋಲಿ, ರಬಾಳೆ, ಘಣ್ಸೋಲಿ, ಅಲ್ಲಿಂದ ಮಹಾಪೆ. ಹಿಂದೆ ಕಾರ್ಖಾನೆಗಳ ಪಟ್ಟಿಯಾಗಿದ್ದ ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಈಗ ಕಿಟಕಿಯಿಲ್ಲದ ಡೇಟಾ ಸೆಂಟರುಗಳು. ಠಾಣೆಯಿಂದ ಇಳಿಯದೆ ಮುಂದೆ ಹೋದರೆ ಡೊಂಬಿವಲಿ. ಅಲ್ಲಿ ಒಬ್ಬ ಅಣ್ಣ ಇದ್ದಾರೆ, ಕುಂದಾಪುರದ ಕಡೆಯವರು. ತೊಂಬತ್ತರ ದಶಕದಲ್ಲಿ ಅವರ ತಂದೆ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಕೇಬಲ್ ಟಿವಿ ವಯರ್ ಎಳೆದಿದ್ದರು, ಈಗ ಮಗ ಅದೇ ಬಿಲ್ಡಿಂಗುಗಳಿಗೆ ಬ್ರಾಡ್‌ಬ್ಯಾಂಡ್ ಕೊಡುತ್ತಾರೆ. ಸುಮಾರು ಎರಡು ಸಾವಿರ ಮನೆ. ಒಂದು ಮಳೆಗಾಲದಲ್ಲಿ ಲಿಂಕ್ ಹೋಗಿ ಪೆಟ್ಟು ತಿಂದ ಮೇಲೆ ಅವರು ಎರಡು ಕಂಪನಿಗಳಿಂದ ಲಿಂಕ್ ತೆಗೆದುಕೊಂಡಿದ್ದರು. ಒಂದು ಹೋದರೆ ಇನ್ನೊಂದು ಇರಲಿ ಎಂದು. ಎರಡೂ ಹೆಸರು ಬೇರೆ, ಎಎಸ್ ನಂಬರ್ ಬೇರೆ, ಬಿಲ್ಲು ಬೇರೆ, ಸೇಲ್ಸಿನವರೂ ಬೇರೆ ಬೇರೆ. ಡೈರೆಕ್ಟರಿಯಲ್ಲಿ ಎರಡು ಬೇರೆ ಸಂಸ್ಥೆಗಳು.

ಒಂದು ರಾತ್ರಿ ಕಲ್ಯಾಣ್–ಶಿಳ್ ರಸ್ತೆಯಲ್ಲಿ ಜೆಸಿಬಿ ಅಗೆಯಿತು. ಎರಡೂ ಲಿಂಕ್ ಒಂದೇ ಕ್ಷಣದಲ್ಲಿ ಹೋದವು.

ಬೆಳಗಿನ ಜಾವ ಅವರು ನನಗೆ ಫೋನ್ ಮಾಡಿದಾಗ ಹಿಂದೆ ಇನ್ನೂ ನಾಲ್ಕು ಫೋನ್ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ರಾತ್ರಿ ಪಾಳಿಯಲ್ಲಿ ಮನೆಯಿಂದ ವಿದೇಶಿ ಕಂಪನಿಗೆ ಕೆಲಸ ಮಾಡುವ ಹುಡುಗಿಯರು, ಮರುದಿನ ಆನ್‌ಲೈನ್ ಪರೀಕ್ಷೆ ಇದ್ದ ಮಕ್ಕಳ ಅಪ್ಪಂದಿರು. "ಎಂತ ಮಾರಾಯ್ರೆ, ಎರಡು ಕಂಪನಿಗೆ ದುಡ್ಡು ಕೊಟ್ಟು ಒಂದೇ ವಯರ್ ಸಿಕ್ಕಿದ್ದಾ?" ಎಂದರು. ಹೌದು, ಅದೇ ಆಗಿತ್ತು. ಎರಡನೇ ಕಂಪನಿಯನ್ನು ಮೊದಲನೆಯವರು ಎಂದೋ ಕೊಂಡಿದ್ದರು. ಲೈಸೆನ್ಸ್ ಬೇರೆ, ಹೆಸರು ಬೇರೆ, ಒಳಗಿನ ಫೈಬರ್ ನಿಧಾನವಾಗಿ ಒಂದೇ ಡಕ್ಟಿಗೆ ಬಂದಿತ್ತು. ಮಧ್ಯಾಹ್ನದವರೆಗೆ ಲಿಂಕ್ ಬರಲಿಲ್ಲ. ಆ ತಿಂಗಳು ನೂರಕ್ಕೂ ಹೆಚ್ಚು ಮನೆಗಳು ಅವರನ್ನು ಬಿಟ್ಟು ಹೋದವು. ಸಣ್ಣ ವ್ಯಾಪಾರಕ್ಕೆ ಅದು ದೊಡ್ಡ ಏಟು, ಇಬ್ಬರು ಹುಡುಗರ ಸಂಬಳ.

ಇಲ್ಲಿ ಮೋಸ ಎನ್ನಲು ಕಾನೂನಿನ ಪ್ರಕಾರ ಏನೂ ಇಲ್ಲ. ಭಾರತದಲ್ಲಿ ಐಎಸ್‌ಪಿ ಲೈಸೆನ್ಸ್ ಇಡೀ ದೇಶಕ್ಕೆ ಎ, ಒಂದು ಸರ್ಕಲ್ಲಿಗೆ ಬಿ, ಇನ್ನೂ ಸಣ್ಣ ಪ್ರದೇಶಕ್ಕೆ ಸಿ ಎಂದು ಇರುವುದರಿಂದ ಒಂದೇ ಮಾಲೀಕರ ಕೈಯಲ್ಲಿ ಹಲವು ಕಂಪನಿ ಇರುವುದು ಸಹಜ. ಬೇಕೆಂದೇ ಬೇರೆ ಸಂಖ್ಯೆ ಇಟ್ಟುಕೊಳ್ಳುವವರೂ ಉಂಟು. ನೆಟ್‌ಫ್ಲಿಕ್ಸಿಗೆ ಎಎಸ್ 2906 ಒಂದು, ಎಎಸ್ 40027 ಇನ್ನೊಂದು, ಎರಡಕ್ಕೂ ಕೆಲಸ ಬೇರೆ. ಆದರೆ ಅವರು ಎರಡರ ಮೇಲೂ ನೆಟ್‌ಫ್ಲಿಕ್ಸ್ ಎಂದೇ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಅದನ್ನು ಬರೆಯದಿರುವುದಕ್ಕೆ ಒಂದು ಪಾಲು ಉದಾಸೀನ ಕಾರಣ, ಇನ್ನೊಂದು ಪಾಲು, ಕ್ಷಮಿಸಿ, ಎರಡು ಅಂಗಡಿ ಎಂದು ಕಾಣಿಸಿದರೆ ಎರಡು ಬಿಲ್ಲು ಹರಿಯಬಹುದು ಎಂಬ ಲೆಕ್ಕಾಚಾರ. ನಾನು ಹದಿನೈದು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಎರಡನೆಯದನ್ನು ಸಣ್ಣದು ಎನ್ನಲಾರೆ.

ಪೀರಿಂಗ್‌ಡಿಬಿಯಲ್ಲಿ ಇದಕ್ಕೆ ದಾರಿ ಇಲ್ಲದೆ ಇಲ್ಲ. ನೆಟ್‌ವರ್ಕಿನ ಹೆಸರಿನ ಜೊತೆ ‘ಹೀಗೂ ಕರೆಯುತ್ತಾರೆ’ ಎಂಬ ಖಾನೆ ಇದೆ, ಉದ್ದ ಹೆಸರಿಗೆ ಬೇರೆ ಖಾನೆ ಇದೆ. ಒಂದೇ ಸಂಸ್ಥೆಯ ಕೆಳಗೆ ಹಲವು ನೆಟ್‌ವರ್ಕ್ ಸೇರಿಸಬಹುದು. ಒಂದೇ ಸಂಸ್ಥೆ ಎರಡು ಸಲ ದಾಖಲಾಗಿದ್ದರೆ ಕೇಳಿಕೊಂಡಾಗ ಸ್ವಯಂಸೇವಕರು ಒಂದು ಮಾಡಿಕೊಡುತ್ತಾರೆ. ತುಂಬುವವರು ಬೇಕು, ಅಷ್ಟೇ. ಪ್ರೈವೇಟ್ ಲಿಮಿಟೆಡ್ ಎಂಬುದನ್ನೇ ನಾಲ್ಕು ರೀತಿ ಬರೆಯುವವರಿಂದ ಇದನ್ನು ನಿರೀಕ್ಷಿಸುವುದು ಹೆಚ್ಚೇನೋ. ಊರಿನ ಹೆಸರೂ ಅಷ್ಟೆ. 2014ರ ನವೆಂಬರ್ 1ರಂದು ಬೆಂಗಳೂರು ಬೆಂಗಳೂರೇ ಆಯಿತು, ಡೈರೆಕ್ಟರಿಗಳಲ್ಲಿ ಇನ್ನೂ ಬ್ಯಾಂಗಲೋರು ಸಿಗುತ್ತದೆ. ರೌಟರುಗಳ ಹೆಸರಿನಲ್ಲಿ ಮುಂಬೈಗೆ ಒಬ್ಬರು ಎಂಯುಎಂ ಎನ್ನುತ್ತಾರೆ, ಇನ್ನೊಬ್ಬರು ಏರ್‌ಪೋರ್ಟ್ ಕೋಡ್ ನೋಡಿ ಬಿಒಎಂ.

ಆ ಜೆಸಿಬಿ ರಾತ್ರಿಯ ನಂತರ ಅಣ್ಣ ಹೊಸ ಎರಡನೇ ಲಿಂಕ್ ಹುಡುಕುವಾಗ ನಾನೂ ಜೊತೆಗೆ ಕೂತೆ. ಹೆಸರು ನೋಡುವುದನ್ನೇ ಬಿಟ್ಟೆವು. ಆ ಕಂಪನಿಯ ಟ್ರಾಫಿಕ್ ಯಾವ ಎಎಸ್ ದಾಟಿ ಹೊರಗೆ ಹೋಗುತ್ತದೆ, ರಾತ್ರಿ ಫೋನ್ ನಂಬರ್ ಯಾರದ್ದರ ಜೊತೆ ಹೊಂದುತ್ತದೆ, ನೋಂದಾಯಿತ ವಿಳಾಸ ಯಾವ ಕಟ್ಟಡ, ಯಾವ ಮಹಡಿ. ಒಬ್ಬರದು ವಿಳಾಸದಲ್ಲಿ ಗಾಲಾ ನಂಬರ್ ಸಮೇತ ಹಳೆಯವರದೇ ಇತ್ತು. ಅವರನ್ನು ಕೈಬಿಟ್ಟೆವು. ಕೊನೆಗೆ ಫೈಬರಿನ ದಾರಿಯ ನಕ್ಷೆಯನ್ನೇ ಲಿಖಿತವಾಗಿ ಕೇಳಿದೆವು. ಕೊಟ್ಟವರು ಒಬ್ಬರೇ. ಅವರದು ಐರೋಲಿ ಕಡೆಯಿಂದ ಬರುವ ಬೇರೆ ದಾರಿ. ತಿಂಗಳಿಗೆ ಹೆಚ್ಚು ದುಡ್ಡು, ಅಣ್ಣ ಒಪ್ಪಿಕೊಂಡರು.

ಅದೇ ಸಂಜೆ ಅವರು ತಮ್ಮ ನೆಟ್‌ವರ್ಕನ್ನೂ ಡೈರೆಕ್ಟರಿಗೆ ಸೇರಿಸಲು ಹೇಳಿದರು. ಆರಂಕಿಯ ಎಎಸ್ ನಂಬರ್ ಮೊದಲೇ ಇತ್ತು. ಹೆಸರಿನ ಖಾನೆಗೆ ಬಂದಾಗ ನಿಂತರು. ರಿಜಿಸ್ಟರ್ ಆದ ಕಂಪನಿಯ ಹೆಸರು ಒಂದು, ಸ್ಕೂಟರಿನ ಮೇಲೂ ರಸೀದಿಯ ಮೇಲೂ ಇರುವುದು ಇನ್ನೊಂದು, ಹಳೇ ಗಿರಾಕಿಗಳು ಇವತ್ತಿಗೂ ಹೇಳುವುದು ಅವರ ತಂದೆಯ ಕೇಬಲ್ಲಿನ ಹೆಸರು. "ಯಾವುದು ಹಾಕ್ಲಿ?" ಎಂದರು. ಮೂರನ್ನೂ ಹಾಕಿ ಅಣ್ಣ, ಖಾನೆ ಇದೆಯಲ್ಲ ಎಂದೆ. ತಂದೆಯ ಕೇಬಲ್ಲಿನ ಹೆಸರನ್ನು ಅವರೇ ಟೈಪ್ ಮಾಡಿದರು, ಒಂದೊಂದೇ ಅಕ್ಷರ ಹುಡುಕಿ. ಆಮೇಲೆ ರಾತ್ರಿ ಫೋನಿನ ಖಾನೆಯಲ್ಲಿ ತಮ್ಮ ಸ್ವಂತ ಮೊಬೈಲ್ ನಂಬರ್ ಹಾಕಿ, ಹೆಂಡತಿಯದೂ ಹಾಕಲೇ ಎಂದು ಕೇಳಿದರು.